ಅತ್ತೆಯ ಉಸಿರಿಗೆ ಸೊಸೆಯ ಹೆಸರು

ಮದುವೆಯಾಗಿ ಬಂದ ಮೊದಲ ವಾರದಲ್ಲೇ ದಾಕ್ಷಾಯಿಣಿ ಅತ್ತೆಯ ಬಸ್ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಹೇಳಿಬಿಟ್ಟಳು. ಜಗಳಕ್ಕೆಂದು ಹೇಳಿದ್ದಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೆ. ಚನ್ನರಾಯಪಟ್ಟಣದ ಆ ಮನೆಯಲ್ಲಿ ಊಟಕ್ಕೆ ಕೂತವರನ್ನೆಲ್ಲ ಅತ್ತೆ ನೀಲಾಂಬಿಕೆ "ಸಾರು ಎಂಗೈತೆ?" ಎಂದು ಕೇಳುವುದು, ಮಾವ ಈಶ್ವರಯ್ಯನವರು "ಬೊಂಬಾಟು" ಎನ್ನುವುದು, ಗಂಡುಮಕ್ಕಳಿಬ್ಬರೂ ತಲೆಯೆತ್ತದೆ ಹೂಂಗುಟ್ಟುವುದು ಎಷ್ಟೋ ವರ್ಷದಿಂದ ನಡೆದುಬಂದಿತ್ತು. ಹೊಸ ಸೊಸೆಗೆ ಅದು ಗೊತ್ತಿರಲಿಲ್ಲ.

"ಉಪ್ಪು ಒಂದು ಕೈ ಜಾಸ್ತಿ ಅತ್ತೆ. ಬಾಕಿ ಎಲ್ಲ ಚೆನ್ನಾಗೈತೆ" ಎಂದಳು.

ಪಂಕ್ತಿಯಲ್ಲಿ ಎಲ್ಲರ ಕೈಯೂ ತಟ್ಟೆಯ ಮೇಲೇ ನಿಂತಿತು. ಗಂಡ ಸಿದ್ದೇಶನಂತೂ ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯದೆ ನೀರಿನ ಚೆಂಬನ್ನು ಅವಚಿ ಹಿಡಿದುಕೊಂಡ. ನೀಲಾಂಬಿಕೆ ಸೌಟಿನಿಂದ ಒಂದು ತೊಟ್ಟು ಸಾರು ಅಂಗೈಗೆ ಹಾಕಿಕೊಂಡು ನೆಕ್ಕಿದರು. ಮತ್ತೊಮ್ಮೆ ನೆಕ್ಕಿದರು. ಆಮೇಲೆ ಗಂಡನ ಕಡೆ ತಿರುಗಿ, "ಇಷ್ಟ್ ವರ್ಸ ಇದನ್ನೇ ತಿಂದ್ಕಂಡು ಬೊಂಬಾಟು ಅಂತಿದ್ರಾ?" ಎಂದು ಕೇಳಿ, ಮಾಡಿನ ಹೆಂಚು ಅದುರುವ ಹಾಗೆ ನಕ್ಕರು. ಅವರು ನಕ್ಕ ಮೇಲೆ ಉಳಿದವರಿಗೂ ಧೈರ್ಯ ಬಂದು ಎಲ್ಲರೂ ನಕ್ಕರು. ಮಾರನೆಯ ದಿನದಿಂದ ಸಾರು ಇಳಿಸುವ ಮುಂಚೆ ಸೊಸೆಯ ಅಂಗೈಗೊಂದು ತೊಟ್ಟು ಬೀಳತೊಡಗಿತು.

ಆ ನಗು ಪೇಟೆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು. ಮನೆಯ ಮುಂಭಾಗವೇ ಪಾತ್ರೆ ಅಂಗಡಿ. ಸ್ಟೀಲು, ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ, ಜೊತೆಗೆ ಮದುವೆ ಮನೆಗಳಿಗೆ ಬಾಡಿಗೆಗೆ ಹೋಗುವ ಕೊಪ್ಪರಿಗೆ, ಬಾಣಲೆಗಳು. ಅಟ್ಟದ ಮೇಲಿಂದ ಏನಾದರೂ ಉರುಳಿ ಠಣಾರೆಂದರೂ ಅದನ್ನು ಮೀರಿ ನೀಲಾಂಬಿಕೆಯವರ ನಗು ಕೇಳುತ್ತಿತ್ತು. ಮಾರಿದ ಪಾತ್ರೆಗಳ ಮೇಲೆ ಹೆಸರು ಬರೆದುಕೊಡುವವರೂ ಅವರೇ. ಕರೆಂಟಿನ ಪುಟ್ಟ ಮೆಷಿನ್ನು ಅವರ ಕೈಯಲ್ಲಿ ಜುಯ್ ಎನ್ನುತ್ತಿದ್ದರೆ, ಕೊಡಪಾನದ ಕುತ್ತಿಗೆಯ ಮೇಲೆ ಅಕ್ಷರಗಳು ಇರುವೆ ಸಾಲಿನಂತೆ ಹರಿದುಬರುತ್ತಿದ್ದವು. ಹೆಸರಿನ ಪಕ್ಕದಲ್ಲಿ ಕೇಳದಿದ್ದರೂ ಒಂದು ಹೂವು. ಶ್ರವಣಬೆಳಗೊಳಕ್ಕೆ ಬಂದ ಯಾತ್ರಿಕರು ಚೆಂಬೊಂದನ್ನು ಕೊಂಡು ಹಿಂದಿಯಲ್ಲಿ ಹೆಸರು ಹೇಳಿದರೂ ಅವರು ಕನ್ನಡದಲ್ಲೇ ಬರೆದು, ಹೂವು ಹಾಕಿ ಕಳಿಸುತ್ತಿದ್ದರು.

ದಾಕ್ಷಾಯಿಣಿ ರಾಮನಾಥಪುರದ ಹೊಗೆಸೊಪ್ಪು ಬೆಳೆಯುವ ಮನೆಯವಳು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹರಾಜು ಕಟ್ಟೆಗೆ ಹೋಗಿ, ಕೊಳ್ಳುವವರು ಎಲೆಯನ್ನು ಮುಟ್ಟಿ ಮೂಸಿ ನೋಡಿದ ಮೇಲೇ ಬಾಯಿ ಬಿಡುವುದನ್ನು ಕಂಡವಳು. ಅವಳ ಬಾಯಿಂದ ಮಾತು ಕಡಿಮೆ, ಪ್ರಶ್ನೆ ಹೆಚ್ಚು. ಮಗಳ ಮದುವೆಗೆ ಕುಕ್ಕರ್ ಬೇಕು ಎಂದು ಯಾರಾದರೂ ಬಂದರೆ ಸಿದ್ದೇಶ ಎಲ್ಲಕ್ಕಿಂತ ದೊಡ್ಡದನ್ನು ಇಳಿಸುತ್ತಿದ್ದ. ನೀಲಾಂಬಿಕೆ ತಮಗೆ ಇಷ್ಟವಾದದ್ದನ್ನು ಹೊಗಳುತ್ತಿದ್ದರು. ದಾಕ್ಷಾಯಿಣಿ ಮಾತ್ರ, "ಮನೇಲಿ ಗಂಡ ಹೆಂಡ್ತಿ ಇಬ್ರೇನಾ, ಅತ್ತೆ ಮಾವನೂ ಇರ್ತಾರಾ? ತುಂಬಿದ್ದನ್ನ ಎತ್ತಿ ಇಳಿಸೋಕೆ ಆ ಮಗೀಗೆ ಆಗ್ತದಾ?" ಎಂದು ಕೇಳುತ್ತಿದ್ದಳು. ಆಮೇಲೆ ಕೊಡುತ್ತಿದ್ದಳು. ಅವಳು ಕೊಟ್ಟದ್ದನ್ನು ಬದಲಾಯಿಸಿಕೊಡಿ ಎಂದು ವಾಪಸು ತಂದವರು ಕಡಿಮೆ.

ಆ ಮನೆಯ ನಗು ನಿಂತದ್ದು ಈಶ್ವರಯ್ಯನವರು ಪಾರ್ಶ್ವವಾಯು ಬಡಿದು ಬಿದ್ದಾಗ. ದೂರದ ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದರು, ಉಸಿರಾಟದ ಯಂತ್ರ ಹಾಕಿದರು. ಪ್ರಜ್ಞೆ ಮರಳುವುದಿಲ್ಲ ಎಂದು ಡಾಕ್ಟರು ಬೇಗನೇ ಹೇಳಿದ್ದರು. ಆದರೆ ಅದನ್ನು ಹೇಳಿದ್ದು ಕಾರಿಡಾರಿನಲ್ಲಿ ನಿಂತಿದ್ದ ಗಂಡಸರಿಗೆ: ಈಶ್ವರಯ್ಯನವರ ಅಣ್ಣನಿಗೆ, ಕಿರಿಯ ಮಗ ಅನಿಲ್‌ಕುಮಾರನಿಗೆ. "ಸಾಕು" ಎನ್ನುವ ಮಾತು ತಮ್ಮ ಬಾಯಿಂದ ಬರಬಾರದು ಎಂದು ಅವರೆಲ್ಲ "ಮುಂದುವರಿಸಿ" ಎಂದರು. ನೀಲಾಂಬಿಕೆ ಕಾಫಿ ಫ್ಲಾಸ್ಕು ಹಿಡಿದು ಕಂಬದ ಪಕ್ಕದಲ್ಲೇ ನಿಂತಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಅಂಗಿಯ ಕುತ್ತಿಗೆ ಗುಂಡಿ ಹಾಕಿದರೂ ಉಸಿರುಕಟ್ಟುತ್ತದೆ ಎಂದು ಒದ್ದಾಡುತ್ತಿದ್ದ ಮನುಷ್ಯ, ವಾರಗಟ್ಟಲೆ ಗಂಟಲಲ್ಲಿ ಕೊಳವೆ ಹೊತ್ತು, ಕೈ ಕಟ್ಟಿಸಿಕೊಂಡು, ಗಾಜಿನ ಆಚೆ ಒಬ್ಬರೇ ಇದ್ದು ಹೋದರು.

ತಿಥಿಯೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ನೀಲಾಂಬಿಕೆ ಸೊಸೆಗೆ ಒಂದೇ ಮಾತು ಹೇಳಿದರು: "ನನ್ನೂ ಒಂದ್ ಮಾತು ಕೇಳ್ಬೋದಾಗಿತ್ತು ಕಣೆ."

ದಾಕ್ಷಾಯಿಣಿ ಅತ್ತೆಯ ಪಕ್ಕದಲ್ಲಿ ಕೂತು ಪಾತ್ರೆ ಒರೆಸಿದಳು.

ನಗು ತಿರುಗಿ ಬಂದದ್ದು ಎಷ್ಟೋ ತಿಂಗಳ ಮೇಲೆ, ಅರಕಲಗೂಡು ಕಡೆಯ ಒಬ್ಬ ಅಜ್ಜಿಯಿಂದ. ಗಂಡನ ಹೆಸರು ಬರೆಸಬೇಕು, ಆದರೆ ಬಾಯಲ್ಲಿ ಹೇಳುವ ಹಾಗಿಲ್ಲ. "ಶಿವ ತಲೆ ಮ್ಯಾಲೆ ಇಟ್ಕಂಡಿಲ್ವಾ, ಅದೇ ಕಣವ್ವ" ಎಂದಿತು ಅಜ್ಜಿ. ನೀಲಾಂಬಿಕೆ ತಲೆಯಾಡಿಸಿ, ಹಂಡೆಯ ಮೇಲೆ ಚೆಂದವಾಗಿ "ಗಂಗಾಧರ" ಎಂದು ಬರೆದು, ಎರಡು ಹೂವು ಹಾಕಿ ಓದಿ ಹೇಳಿದರು. ಅಜ್ಜಿ ಎದೆ ಹಿಡಿದುಕೊಂಡಿತು.

"ಅಯ್ಯೋ ಶಿವನೇ! ಗಂಗಾಧರ ಪಕ್ಕದ್ಮನೆಯೋನು ಕಣವ್ವ! ನಮ್ಮನೇರು ಚಂದ್ರಂದು, ಚಂದ್ರಂದು!"

ನೀಲಾಂಬಿಕೆ ಮೆಷಿನ್ನು ಕೆಳಗಿಟ್ಟು, ಗಲ್ಲಾಪೆಟ್ಟಿಗೆಗೆ ಒರಗಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅಜ್ಜಿಯೂ ನಕ್ಕಿತು. ಬೇರೆ ಹಂಡೆ ತೆಗೆದು "ಚಂದ್ರಶೇಖರ" ಎಂದು ಬರೆದುಕೊಟ್ಟರು. ಒಳಗಿದ್ದ ಸಿದ್ದೇಶ ಆ ನಗು ಕೇಳಿ, ಅಡುಗೆಮನೆಯ ಬಾಗಿಲಿಗೆ ಆತು ನಿಂತು ಅತ್ತುಬಿಟ್ಟ. ಅವನು ಹಾಗೇ. ಸಂತೋಷಕ್ಕೂ ಅಳು, ದುಃಖಕ್ಕೂ ಅಳು.

ಪಾತ್ರೆ ಸುತ್ತಿಕೊಡಲು ಹಳೆಯ ಪೇಪರು ಕಟ್ಟುಗಟ್ಟಲೆ ಬರುತ್ತಿತ್ತು. ಅದರಲ್ಲಿ ಓದದೇ ನೀಲಾಂಬಿಕೆ ಒಂದು ಹಾಳೆಯನ್ನೂ ಸುತ್ತುತ್ತಿರಲಿಲ್ಲ. ಹಾಗೆ ಓದುವಾಗಲೇ ಒಂದು ಸುದ್ದಿ ಕಣ್ಣಿಗೆ ಬಿತ್ತು: ಜ್ಞಾನ ತಪ್ಪಿ ಮಾತಾಡಲಾಗದ ಸ್ಥಿತಿ ಬಂದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಮಾತಾಡುವವರು ಯಾರು ಎಂದು ಮೊದಲೇ ಬರೆದಿಡಬಹುದು, ಕಾನೂನಿನಲ್ಲಿ ಅದಕ್ಕೆ ಬೆಲೆಯಿದೆ. ಆ ಹಾಳೆಯನ್ನು ಮಡಿಸಿ ಕುಪ್ಪಸದೊಳಗಿಟ್ಟುಕೊಂಡರು. ಬಿ.ಪಿ. ತೋರಿಸಲು ಹಾಸನಕ್ಕೆ ಹೋದಾಗ ಡಾಕ್ಟರ್ ಗಿರಿಧರ ಅವರ ಮುಂದೆ ಬಿಡಿಸಿಟ್ಟು, "ಇದು ದಿಟವಾ ಸಾ?" ಎಂದು ಕೇಳಿದರು. ಗಿರಿಧರ ಹೊಳೆನರಸೀಪುರದ ಕಡೆಯವರು, ನಿಧಾನಸ್ಥರು. ಎಲ್ಲವನ್ನೂ ಬಿಡಿಸಿ ಹೇಳಿದರು.

ಅನಿಲ್‌ಕುಮಾರ ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರು. ಹಾಸನದಲ್ಲಿ ಅವನು ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ನೆಂಟರೆಲ್ಲ ಸೇರಿದ್ದರು. ಒಬ್ಬಟ್ಟಿನ ಊಟ ಮುಗಿದು, ಹೊಸ ಹಜಾರದಲ್ಲಿ ಜಮಖಾನ ಹಾಸಿ ಎಲೆ ಅಡಿಕೆ ಹಾಕುತ್ತಿದ್ದಾಗ ನೀಲಾಂಬಿಕೆ ಗಂಟಲು ಸರಿಮಾಡಿಕೊಂಡರು.

"ಎಲ್ರೂ ಇದೀರಿ, ಮತ್ತೆ ಮತ್ತೆ ಕರ್ಸಕಾಗಕಿಲ್ಲ. ಒಂದ್ ಮಾತು ಯೋಳ್ಬುಡ್ತೀನಿ. ನಾಳೆ ದಿವ್ಸ ನಂಗೆ ಗ್ಯಾನ ತಪ್ಪಿ ಬಾಯಲ್ಲಿ ಮಾತು ನಿಂತೋದ್ರೆ, ಮಿಸ್ಸಿನ್ ಆಕ್ಬೇಕೋ ಬ್ಯಾಡ್ವೋ, ಆಕಿದ್ದನ್ನ ತೆಗೀಬೇಕೋ ಬ್ಯಾಡ್ವೋ, ಅದನ್ನ ದಾಕ್ಷಾಯಿಣಿ ಯೋಳ್ತಾಳೆ. ಅವ್ಳು ಯೋಳಿದ್ದೇ ನನ್ ಮಾತು. ಕಾಗ್ದ ಮಾಡಿಸ್ತಾ ಇದೀನಿ."

ಬಾಯಲ್ಲಿ ಎಲೆ ಅಡಿಕೆ ಇದ್ದವರು ಜಗಿಯುವುದನ್ನು ನಿಲ್ಲಿಸಿದರು. ಮೊದಲು ಎಚ್ಚೆತ್ತವರು ಅರಕಲಗೂಡಿನಿಂದ ಬಂದಿದ್ದ ತಂಗಿ ಪಾರ್ವತಮ್ಮ.

"ಅಕ್ಕಾ! ಮನೆ ಒಕ್ಕಲ ದಿವ್ಸ ಎಂಥಾ ಮಾತಾಡ್ತೀಯೆ ನೀನು?"

"ಒಳ್ಳೇ ದಿವ್ಸ ನೋಡೇ ಆಡ್ತಿರೋದು ಕಣೆ. ಕೆಟ್ಟ ದಿವ್ಸ ಬಂದಾಗ ಆಡೋಕೆ ಬಾಯಿ ಎಲ್ಲಿರ್ತದೆ?"

"ಆಡು, ಆದ್ರೆ ಸೊಸೆ ಕೈಗಾ? ಲೋಕ ಏನಂದಾತು? ಎತ್ತ ಮಕ್ಳು ಇಬ್ರು ಗುಂಡುಕಲ್ಲಂಗೆ ಕೂತವ್ರೆ!"

ಅನಿಲ್‌ಕುಮಾರನ ಮುಖ ಕೆಂಪಾಗಿತ್ತು. "ಅವ್ವ, ಅಪ್ಪಾಜಿಗೆ ಓಡಾಡಿದ್ದು ನಾನು. ದೊಡ್ಡ ಆಸ್ಪತ್ರೆಗೆ ಸೇರಿಸಿದ್ದು ನಾನು. ನಾನು ಏನು ಕಮ್ಮಿ ಮಾಡಿದ್ದೆ?"

"ಕಮ್ಮಿ ಮಾಡ್ಲಿಲ್ಲ ಕಣ್ಲಾ ಮಗ. ಅದೇ ತೊಂದ್ರೆ. ನೀನು ಇಡೀ ಆಸ್ಪತ್ರೇನೇ ಕಿತ್ಕಂಡ್ ಬತ್ತೀಯ, ಇವ್ನು ಅಳ್ತಾ ಕೂತ್ಕತಾನೆ." ಸಿದ್ದೇಶ ಆಗಲೇ ಅಳತೊಡಗಿದ್ದ. "ನೀವಿಬ್ರೂ ನನ್ ಮೇಲಿನ ಪ್ರೀತಿಗೆ ನನ್ನ ಬುಡಕಿಲ್ಲ. ಅವ್ಳು ಬುಡ್ಬೇಕಾದಾಗ ಬುಡ್ತಾಳೆ, ಇಡ್ಕಬೇಕಾದಾಗ ಇಡ್ಕತಾಳೆ."

ದಾಕ್ಷಾಯಿಣಿ ಎದ್ದು ಅಡುಗೆಮನೆಗೆ ಹೋದಳು. ಯಾರ ಮುಖವನ್ನೂ ನೋಡುವ ಹಾಗಿರಲಿಲ್ಲ. ಹೊಸ ಸಿಂಕಿನಲ್ಲಿ ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆದಳು.

ಸಂಜೆ ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ಕಿಟಕಿಯ ಪಕ್ಕ, ತೊಡೆಯ ಮೇಲೆ ಮಿಕ್ಕ ಒಬ್ಬಟ್ಟಿನ ಡಬ್ಬಿ. ಹಿಂದಿನ ಸೀಟಿನಲ್ಲಿ ಸಿದ್ದೇಶ ಅತ್ತು ಸುಸ್ತಾಗಿ ನಿದ್ದೆ ಹೋಗಿದ್ದ. ದಾಕ್ಷಾಯಿಣಿ ಮೆಲ್ಲಗೆ ಕೇಳಿದಳು. "ನಂಗ್ಯಾಕತ್ತೆ ಈ ಪಾಪ?"

"ಪಾಪ ಅಲ್ಲ ಕಣೆ. ಅಂಗ್ಡೀಲಿ ನಾವೆಲ್ಲ ನಮ್ಗೆ ಬೇಕಾದ್ದನ್ನ ಕೊಡ್ತೀವಿ. ನೀನು ಕೇಳಿ ಕೊಡ್ತೀಯ. ನಂಗೂ ಅಂಗೇ ಕೇಳಿ ಕೊಡು ಅಂತ."

"ಹಂಗಾದ್ರೆ ಈಗ್ಲೇ ಕೇಳ್ತೀನಿ. ಮಿಷನ್ ಅಂದ್ರೆ ನಿಮಗೆ ಬೇಡವೇ ಬೇಡವಾ?"

ನೀಲಾಂಬಿಕೆ ಯೋಚಿಸಿದರು. ಬಸ್ಸು ಶಾಂತಿಗ್ರಾಮ ದಾಟಿತು.

"ಮಿಸ್ಸಿನ್ ಮ್ಯಾಲೆ ನಂಗೇನು ದ್ವೇಸ? ದಿನಾ ಒಂದ್ ಮಿಸ್ಸಿನ್ ಇಡ್ಕಂಡೇ ಕೂತಿರ್ತೀನಿ. ತಿರುಗಿ ಬರೋ ದಾರಿ ಇದ್ರೆ ಆಕ್ಸು. ದಾರಿ ಮುಚ್ಚೋಗಿದ್ರೆ ಬ್ಯಾಡ."

"ತಿರುಗಿ ಬರೋದು ಅಂದ್ರೆ? ಎದ್ದು ಓಡಾಡೋದಾ? ಅಂಗಡಿಗೆ ಬರೋದಾ?"

"ಅಯ್, ಓಡಾಡ್ದೇ ಇದ್ರೂ ಸೈ. ಒಂದ್ ಮೂಲೇಲಿ ಕೂತ್ಕಂಡು, ನೀನು ಏನಾರ ಅಂದ್ರೆ ನಂಗೆ ನಗು ಬಂದ್ರೆ ಸಾಕು. ಅಷ್ಟಿಲ್ದಿದ್ರೆ ಬುಟ್ಬುಡು."

ಒಬ್ಬಟ್ಟಿನ ಡಬ್ಬಿ ಬಿಚ್ಚಿ ಸೊಸೆಗೆ ಒಂದು ಕೊಟ್ಟರು, ತಾವೊಂದು ತಿಂದರು. ಸಕ್ಕರೆ ಕಾಯಿಲೆ ಇದೆ ಎಂದು ನೆನಪಿಸಿದ್ದಕ್ಕೆ, "ಅದ್ಕೆಲ್ಲ ನಿನ್ ಎಸ್ರು ಬರ್ಸಿಲ್ಲ ಸುಮ್ನಿರು" ಎಂದರು.

ಕಾಗದ ಮಾಡಿಸಲು ಹೋದಾಗ ಕೋರ್ಟಿನ ಬಳಿಯ ನೋಟರಿ, "ಯಾವ ಆಸ್ತಿದಮ್ಮ ವಿಲ್ಲು?" ಎಂದು ಕೇಳಿದ್ದರು. "ಆಸ್ತಿದಲ್ಲ ಸ್ವಾಮಿ, ಉಸ್ರಿಂದು" ಎಂದರು ನೀಲಾಂಬಿಕೆ. ನೋಟರಿ ಕನ್ನಡಕ ತೆಗೆದು ಒರೆಸಿಕೊಂಡು, ಪೂರ್ತಿ ಓದಿ, ಸಾಕ್ಷಿಗಳ ಮುಂದೆ ರುಜು ಹಾಕಿಸಿದರು. ಹೊರಡುವಾಗ ತಮಗೂ ಒಂದು ಇಂಥದ್ದು ಮಾಡಿಸಬೇಕು, ಆದರೆ ಯಾರ ಹೆಸರು ಬರೆಯುವುದೋ ಗೊತ್ತಾಗುತ್ತಿಲ್ಲ ಎಂದು ತಾವೇ ತೋಡಿಕೊಂಡರು.

ಎರಡು ಮಳೆಗಾಲ ಏನೂ ಆಗದೆ ಕಳೆಯಿತು. ಆಮೇಲಿನ ಚಳಿಗಾಲದಲ್ಲಿ ನೆಗಡಿ ಜ್ವರವೆಂದು ಮಲಗಿದ ನೀಲಾಂಬಿಕೆಗೆ ಅದು ಎದೆಗಿಳಿದು ನ್ಯುಮೋನಿಯಾ ಆಯಿತು. ಹಾಸನದ ಆಸ್ಪತ್ರೆಗೆ ಬರುವಷ್ಟರಲ್ಲಿ ಉಸಿರು ಮೇಲುಮೇಲಕ್ಕೆ. ಪ್ರಜ್ಞೆ ಇರಲಿಲ್ಲ. ಗಿರಿಧರ ಹೊರಗೆ ಬಂದು, "ವೆಂಟಿಲೇಟರ್ ಬೇಕಾಗುತ್ತೆ. ಅಮ್ಮನ ಕಾಗದದ ಪ್ರಕಾರ ನಿರ್ಧಾರ ನಿಮ್ಮದು" ಎಂದು ದಾಕ್ಷಾಯಿಣಿಯನ್ನೇ ನೋಡಿ ಹೇಳಿದರು.

ಅನಿಲ್‌ಕುಮಾರ ಅವಳಿಗಿಂತ ಮುಂಚೆ ಬಾಯಿ ಹಾಕಿದ. "ಅತ್ತಿಗೆ ಬೇಡ ಅಂತಾರೆ ಬಿಡಿ ಡಾಕ್ಟ್ರೇ. ಅದಕ್ಕೇ ತಾನೇ ಬರೆಸಿದ್ದು." ಅವನ ದನಿಯಲ್ಲಿ ಸಿಟ್ಟಿತ್ತು; ಸಿಟ್ಟಿನ ಕೆಳಗೆ ಭಯ.

ದಾಕ್ಷಾಯಿಣಿ ಡಾಕ್ಟರನ್ನು ಕೇಳಿದಳು. "ಇದು ವಾಸಿಯಾಗೋ ಕಾಯಿಲೆನಾ?"

"ಆಗಬಹುದು. ವಯಸ್ಸಾಗಿದೆ, ಸಕ್ಕರೆ ಇದೆ. ಆದರೂ ಆಗಬಹುದು."

"ಮೆದುಳಿಗೆ ಏನಾದ್ರೂ ಆಗಿದ್ಯಾ?"

"ಇಲ್ಲ. ಸದ್ಯಕ್ಕೆ ಎದೆಗೆ ಮಾತ್ರ."

"ವಾಸಿಯಾದ್ರೆ ಅವರು ನಗ್ತಾರಾ?"

"ವಾಸಿಯಾದರೆ, ನಗ್ತಾರೆ."

"ಹಾಕಿ" ಎಂದಳು.

ಅನಿಲ್‌ಕುಮಾರ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ. ಅತ್ತಿಗೆ ಹಾಗೆನ್ನುತ್ತಾಳೆ ಎಂದು ಅವನು ಎಣಿಸಿರಲೇ ಇಲ್ಲ.

ಆದರೆ ದಿನಗಳು ಹೋದವು, ಎದೆ ತಿಳಿಯಾಗಲಿಲ್ಲ. ಒಂದು ದಿನ ಮೂತ್ರಪಿಂಡ ಸೋತಂತೆ ಕಂಡಿತು. ಯಂತ್ರವನ್ನು ಕಡಿಮೆ ಮಾಡಿದಾಗಲೆಲ್ಲ ಉಸಿರು ಬೀಳುತ್ತಿತ್ತು. ಶುಕ್ರವಾರ ಬೆಳಗ್ಗೆ ಗಿರಿಧರ ಕೂರಿಸಿಕೊಂಡು ಹೇಳಿದರು: ಬಾಯಿಯ ಕೊಳವೆ ಹೆಚ್ಚು ದಿನ ಇಡಲಾಗದು. ಹೀಗೇ ಮುಂದುವರಿಸಬೇಕಾದರೆ ಗಂಟಲಿಗೆ ತೂತು ಮಾಡಿ ಅಲ್ಲಿಂದ ಕೊಳವೆ ಹಾಕಬೇಕು. ಆಮೇಲೆ ಯಂತ್ರದಿಂದ ಬಿಡಿಸುವುದು ಆಗುತ್ತದೋ ಇಲ್ಲವೋ ಹೇಳಲಾಗದು. ಬೇಡವೆಂದರೆ, ಡಾಕ್ಟರುಗಳ ಎರಡು ತಂಡ ನೋಡಿ ಒಪ್ಪಿದ ಮೇಲೆ, ನೋವಿಗೆ ಔಷಧಿ ಕೊಟ್ಟು ಯಂತ್ರ ತೆಗೆಯಬಹುದು.

ದಾಕ್ಷಾಯಿಣಿ ಎಲ್ಲರನ್ನೂ ಆಸ್ಪತ್ರೆಯ ಕ್ಯಾಂಟೀನಿಗೆ ಕರೆದುಕೊಂಡು ಹೋದಳು. ಸಿದ್ದೇಶ, ಅನಿಲ್‌ಕುಮಾರ, ಪಾರ್ವತಮ್ಮ. ಕಾಫಿ ಬಂತು.

"ನಂಗೆ ನಿಮ್ಮ ಸಹಾಯ ಬೇಕು. ನಿಮಗೇನು ಬೇಕು ಅಂತ ನಾನು ಕೇಳ್ತಿಲ್ಲ. ನಮಗೆಲ್ಲ ಬೇಕಾದ್ದು ಒಂದೇ, ಅತ್ತೆ ಬೇಕು. ಈಗ ಅವರೇ ಈ ಕುರ್ಚೀಲಿ ಕೂತಿದ್ರೆ ಏನಂತಿದ್ರು? ಅದನ್ನ ಹೇಳಿ."

ಪಾರ್ವತಮ್ಮ ಕಾಫಿ ಒಂದು ಗುಟುಕು ಕುಡಿದು ಮುಖ ಹಿಂಡಿದರು. ಆಮೇಲೆ, ಬೇಕೆಂದೇ ಅಲ್ಲ, ಅಕ್ಕನ ದನಿಯಲ್ಲೇ ಹೊರಟಿತು: "'ಈ ಕಾಫೀನ ಯಾವ ಕಲಗಚ್ಚಲ್ಲಿ ಕಾಯ್ಸವ್ರೆ!' ಅಂತಿದ್ಲು."

ಸಿದ್ದೇಶನಿಗೆ ನಗು ಬಂತು. ಅಳುತ್ತಲೇ, ಅವ್ವನಂತೆಯೇ ಸೊಂಟದ ಮೇಲೆ ಕೈಯಿಟ್ಟು, "'ಲೇ ಸಿದ್ದ, ಅಳೋದಾದ್ರೆ ಆಚೆ ಓಗಿ ಅಳ್ಲಾ, ಲೋಟಕ್ಕೆ ಉದುರ್ತಾ ಐತೆ!'" ಎಂದ. ಪಾರ್ವತಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಗಂಗಾಧರನ ಕಥೆ ಬಂತು. ಅಕ್ಕ ಮದುವೆಗೆ ಮುಂಚೆ ಅರಕಲಗೂಡಿನಲ್ಲಿ ಹುಣಸೇಮರ ಹತ್ತಿ ಇಳಿಯಲಾಗದೆ, ತನ್ನನ್ನು ನೋಡಲು ಬಂದ ಗಂಡಿನವರಿಗೆ ಮರದ ಮೇಲಿಂದಲೇ ಮನೆ ದಾರಿ ತೋರಿಸಿದ ಕಥೆ ಬಂತು. ಆ ಗಂಡು ಈಶ್ವರಯ್ಯನವರೇ ಎಂದು ದಾಕ್ಷಾಯಿಣಿಗೆ ಅವತ್ತೇ ತಿಳಿದದ್ದು. ಕ್ಯಾಂಟೀನಿನವರೆಲ್ಲ ತಿರುಗಿ ನೋಡುವಷ್ಟು ಆ ಮೇಜಿನಲ್ಲಿ ನಗು.

ಅನಿಲ್‌ಕುಮಾರ ಎಲ್ಲರ ನಗು ಇಳಿದ ಮೇಲೆ ಲೋಟ ತಿರುಗಿಸುತ್ತ ಹೇಳಿದ.

"'ನಿಮ್ಮಪ್ಪಂಗೆ ಮಾಡ್ದಂಗೆ ನಂಗೆ ಮಾಡ್ಬ್ಯಾಡ ಕಣ್ಲಾ.' ಅದನ್ನೇ ಅಂತಿದ್ರು, ಅತ್ತಿಗೆ."

ಪಾರ್ವತಮ್ಮ ಅವನ ಬೆನ್ನು ಸವರಿದರು.

ದಾಕ್ಷಾಯಿಣಿ ಮೇಲೆ ಹೋಗಿ ಗಿರಿಧರರಿಗೆ ಹೇಳಿದಳು. "ಸೋಮವಾರದ ತನಕ ನೋಡೋಣ ಡಾಕ್ಟ್ರೇ. ಅಷ್ಟರಲ್ಲಿ ಉಸಿರು ಅವರದ್ದೇ ಆಗ್ಲಿಲ್ಲ ಅಂದ್ರೆ ಗಂಟಲಿಗೆ ತೂತು ಬೇಡ. ತೆಗೀರಿ. ನೋವಾಗದಂಗೆ ನೋಡ್ಕೊಳ್ಳಿ. ಆವಾಗ ನಾವೆಲ್ಲ ಒಳಗೆ ಪಕ್ಕದಲ್ಲೇ ಇರ್ಬೇಕು, ಗಾಜಿನ ಆಚೆ ಅಲ್ಲ." ದನಿ ಗಟ್ಟಿಯಾಗಿಯೇ ಇತ್ತು. ಮೆಟ್ಟಿಲಿಳಿಯುವಾಗ ಕೈ ನಡುಗತೊಡಗಿ, ಕಂಬಿ ಹಿಡಿದು ನಿಂತಳು. ಎರಡು ಮೆಟ್ಟಿಲು ಕೆಳಗಿದ್ದ ಅನಿಲ್‌ಕುಮಾರ ಹತ್ತಿ ಬಂದು, ಒಂದೂ ಮಾತಾಡದೆ ಅವಳ ಚೀಲ ತೆಗೆದುಕೊಂಡ.

ಶನಿವಾರ ಮೂತ್ರಪಿಂಡ ಸುಧಾರಿಸಿತು. ಭಾನುವಾರ ಯಂತ್ರ ತಗ್ಗಿಸಿದಾಗ ಎದೆ ತಾನಾಗಿ ಏರಿತು, ಇಳಿಯಿತು, ಮತ್ತೆ ಏರಿತು. ನರ್ಸು ಓಡಿಬಂದು ಕರೆದರು. ನೀಲಾಂಬಿಕೆಯವರ ಕಣ್ಣು ತೆರೆದಿತ್ತು. ದಾಕ್ಷಾಯಿಣಿ ಬಗ್ಗಿ, "ಅತ್ತೆ, ನಿಮ್ಮ ತಂಗಿ ಕ್ಯಾಂಟೀನ್ ಕಾಫೀಗೆ ಕಲಗಚ್ಚು ಅಂದ್ರು" ಎಂದಳು. ಕೊಳವೆಯ ಸುತ್ತ ಕೆನ್ನೆ ಅಲುಗಿತು. ದಾಕ್ಷಾಯಿಣಿಗೆ ಅಷ್ಟು ಸಾಕಾಯಿತು.

ಸೋಮವಾರ ಬೆಳಗ್ಗೆ ಕೊಳವೆ ತೆಗೆದರು. ದನಿ ಹೊರಡಲು ಇನ್ನೂ ಒಂದು ದಿನ ಬೇಕಾಯಿತು. ನರ್ಸು ಸ್ಟೀಲಿನ ಲೋಟದಲ್ಲಿ ನೀರು ತಂದು ಚಮಚದಲ್ಲಿ ಕುಡಿಸಲು ಬಂದಾಗ, ನೀಲಾಂಬಿಕೆ ನಡುಗುವ ಕೈಯೆತ್ತಿ ಲೋಟದ ಅಂಚನ್ನು ಉಗುರಿನಿಂದ ತಟ್ಟಿ ನೋಡಿದರು. "ಗೇಜು ಕಮ್ಮಿ" ಎಂದು ಗೊರಗೊರ ದನಿಯಲ್ಲಿ ಅಂದರು. "ತಗ್ಡು. ಯಾರು ಕೊಟ್ರಿದ?" ಸಿದ್ದೇಶ ವಾರ್ಡಿನ ಬಾಗಿಲಲ್ಲೇ ಕೂತು ಅತ್ತ. ಈ ಸಲ ಅನಿಲ್‌ಕುಮಾರನೂ ಅವನ ಪಕ್ಕ ಕೂತ.

ಕೆಲವು ದಿನದ ಮೇಲೆ, ಕಿಟಕಿಯಿಂದ ಬಿಸಿಲು ಮಂಚದ ಕಾಲ ತನಕ ಬಂದಿದ್ದ ಹೊತ್ತಿನಲ್ಲಿ, ಗಂಜಿ ಕುಡಿಸುತ್ತ ದಾಕ್ಷಾಯಿಣಿ ಹೇಳಿದಳು.

"ಅತ್ತೆ, ನಿಮಗೆ ಗೊತ್ತಿರ್ಲಿ. ಸೋಮವಾರದೊಳಗೆ ಆಗ್ಲಿಲ್ಲ ಅಂದ್ರೆ ತೆಗೀರಿ ಅಂತ ನಾನು ಹೇಳಿದ್ದೆ. ಒಂದು ದಿನ ಆಚೆ ಈಚೆ ಆಗಿದ್ರೆ..."

ನೀಲಾಂಬಿಕೆ ಚಮಚವನ್ನು ಪಕ್ಕಕ್ಕೆ ಸರಿಸಿದರು. ಸೊಸೆಯ ಮುಖವನ್ನೇ ನೋಡಿದರು.

"ಯೋಳುವಾಗ ಕೈ ನಡುಗ್ತಾ?"

"ಹೇಳುವಾಗ ಇಲ್ಲ. ಹೇಳಿದ ಮೇಲೆ ನಡುಗ್ತು."

"ಅಂಗಾದ್ರೆ ಸರಿಯಾಗೇ ಯೋಳಿದೀಯ." ಅವಳ ಕೈ ಎಳೆದು ತಮ್ಮ ಕೆನ್ನೆಗಿಟ್ಟುಕೊಂಡರು. "ನಾನು ಓಗಿದ್ರೂ ನೆಮ್ಮದಿಯಾಗೇ ಓಗ್ತಿದ್ದೆ ಕಣೆ. ನಮ್ಮನೇರು ಕೇಳಿರೋರು, ಎಂಗ್ ಬಂದೆ ಅಂತ. 'ನಿಮ್ಮಂಗಲ್ಲ, ನನ್ ಸೊಸೆ ಕೇಳಿ ಕಳಿಸಿದ್ಲು' ಅಂತಿದ್ದೆ." ಹಾಗೆಂದು ತಾವೇ ನಗಲು ಹೋಗಿ ಕೆಮ್ಮು ಹತ್ತಿತು. ನರ್ಸು ಬಂದು ಇಬ್ಬರನ್ನೂ ಗದರಿದರು. ಗದರಿಸಿಕೊಂಡ ಮೇಲೆ ನಗು ಇನ್ನೂ ಜಾಸ್ತಿಯಾಯಿತು.

ಯುಗಾದಿಯ ಹೊತ್ತಿಗೆ ನೀಲಾಂಬಿಕೆ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುವಷ್ಟಾದರು. ಸುದ್ದಿ ಪೇಟೆಯಲ್ಲೆಲ್ಲ ಹರಡಿತ್ತು. ಒಂದು ಬೆಳಗ್ಗೆ ಪಾರ್ವತಮ್ಮ ಅರಕಲಗೂಡಿನಿಂದ ಮೊದಲ ಬಸ್ಸಿಗೇ ಬಂದಿಳಿದು, ಚೀಲ ಕೆಳಗಿಡುವ ಮುಂಚೆ, "ದಾಕ್ಷಾಯಿಣೀ, ನಂದೂ ನಿನ್ ಎಸ್ರಿಗೇ ಬರ್ಕೊಳವ್ವ" ಎಂದರು. ಪಕ್ಕದ ಬಳೆ ಅಂಗಡಿಯ ಸುಬ್ಬಮ್ಮ ಇದನ್ನು ಕೇಳಿಸಿಕೊಂಡು, "ಅಂಗಾರೆ ನಂದೂ" ಎಂದು ಬಂದರು. ಲೋಕ ಏನಂದೀತು ಎಂದು ಹೆದರಿದ್ದ ಪಾರ್ವತಮ್ಮನ ಮುಂದೆಯೇ ಲೋಕ ಸಾಲಾಗಿ ನಿಂತಿತ್ತು.

"ಅದು ಹಂಗಲ್ಲ ಚಿಕ್ಕತ್ತೆ" ಎಂದಳು ದಾಕ್ಷಾಯಿಣಿ. "ಅತ್ತೆ ಜೊತೆ ನಾನು ಇಪ್ಪತ್ತು ವರ್ಷ ಉಂಡಿದೀನಿ. ನಿಮ್ಮ ಮನಸ್ಸು ನಂಗೇನು ಗೊತ್ತು? ನಿಮ್ಮನ್ನ ಬಲ್ಲೋರು ನಿಮ್ಮನೇಲೇ ಯಾರೋ ಇರ್ತಾರೆ. ಮಗಳಿರಬಹುದು, ಅಳಿಯ ಇರಬಹುದು. ಹೋಗಿ ಅವರ ಜೊತೆ ಕೂತು ಮಾತಾಡಿ, ಬಾಯಿ ಇರುವಾಗಲೇ."

"ಮಾತಾಡ್ದೆ ಕಣೆ. ಮಗಳು 'ಥೂ ಬುಡವ್ವ' ಅಂತಾಳೆ."

"ಇನ್ನೊಂದ್ಸಲ ಆಡಿ. ಒಬ್ಬಟ್ಟು ತಿಂತಾ ಆಡಿ."

ಪಾರ್ವತಮ್ಮ ಒಪ್ಪಿದರೋ ಇಲ್ಲವೋ, ಮಧ್ಯಾಹ್ನ ಊಟ ಮಾಡಿ, ಒಂದು ದೋಸೆ ಹೆಂಚು ಕೊಂಡು, ಅಕ್ಕನ ಜೊತೆ ಜಗಳವಾಡಿ, ಸಂಜೆ ಬಸ್ಸಿಗೆ ಹೊರಟರು.

ಅಂಗಡಿ ಮುಚ್ಚುವ ಹೊತ್ತಿಗೆ ಸಿದ್ದೇಶ ಹೊರಗಿಟ್ಟಿದ್ದ ಕೊಡಪಾನಗಳನ್ನು ಒಂದರೊಳಗೊಂದು ಜೋಡಿಸಿ ಒಳಗೆ ತರುತ್ತಿದ್ದ. ಹೆಂಡತಿಯ ಎದುರು ಬಂದು ನಿಂತ.

"ದಾಕ್ಷಿ, ನಿಂದು ಯಾರ ಹೆಸರಿಗೆ?"

ಎಲ್ಲರನ್ನೂ ಕೇಳಿದವಳು ತನ್ನನ್ನು ಕೇಳಿಕೊಂಡಿರಲಿಲ್ಲ. ಅವನ ಕಣ್ಣಂಚು ಆಗಲೇ ತೇವವಾಗಿತ್ತು.

"ನೀವು ಅಳ್ತೀರಲ್ಲಾರೀ" ಎಂದಳು ಮೆತ್ತಗೆ.

"ಅಳ್ತೀನಿ" ಎಂದ ಸಿದ್ದೇಶ, ಕೊಡಪಾನದ ಗೋಪುರವನ್ನು ಎದೆಗೆ ಅವಚಿಕೊಂಡೇ. "ಅತ್ಕೊಂಡೇ ಹೇಳ್ತೀನಿ. ಆದ್ರೆ ನೀನು ಏನಂದಿರ್ತೀಯೋ ಅದನ್ನೇ ಹೇಳ್ತೀನಿ."

ದಾಕ್ಷಾಯಿಣಿ ಅವನನ್ನು ನೋಡಿದಳು. ಆ ಮನೆಗೆ ಬಂದಂದಿನಿಂದ ದಿನವೂ ನೋಡಿದ ಮುಖ. ಅವನ ತೋಳಿನಿಂದ ಮೇಲಿನ ಎರಡು ಕೊಡಪಾನ ತಾನು ತೆಗೆದುಕೊಂಡಳು.

"ಬನ್ನಿ, ಉಣ್ಣುವಾಗ ಹೇಳ್ತೀನಿ, ನಂಗೇನು ಬೇಕು ಅಂತ. ಬಹಳ ಇದೆ."